ನಾಲ್ಕು ಗಾಡಿ, ಒಂದೇ ಕೆಸರು: ಸಕಲೇಶಪುರದಿಂದ ಕೊಡಚಾದ್ರಿಗೆ

ಥಾರ್ ಇಟ್ಟುಕೊಂಡವರ ಕಣ್ಣಿಗೆ ಜಿಮ್ನಿ ಆಟಿಕೆ. ಜಿಮ್ನಿಯವರ ಕಣ್ಣಿಗೆ ಥಾರ್ ಮಾಲ್ ಮುಂದೆ ನಿಲ್ಲಿಸುವ ಗಾಡಿ. ಗೂರ್ಖಾ ಬಂದರೆ ಇಬ್ಬರೂ ಒಟ್ಟಾಗಿ 'ಟೆಂಪೋ ಬಂತು' ಅಂತಾರೆ. ಗೂರ್ಖಾ ಮಾಡುವ ಫೋರ್ಸ್ ಮೋಟಾರ್ಸ್ ಕಂಪನಿಯ ಹಳೆಯ ಹೆಸರೇ ಬಜಾಜ್ ಟೆಂಪೋ ಆದ್ದರಿಂದ ಗೂರ್ಖಾದವರು ಬಾಯಿ ಬಿಡುವಂತಿಲ್ಲ. ಜಿಪ್ಸಿಯವರು ಈ ಜಗಳಕ್ಕೇ ಬರುವುದಿಲ್ಲ. 1985ರಿಂದ ಇದ್ದೇವೆ ಎಂಬ ಒಂದು ನಗು ಸಾಕು ಅವರಿಗೆ.

ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಇಂಥ ನಾಲ್ಕು ಗಾಡಿ ಹಸ್ತ ಮಳೆ ಮುಗಿದು ಚಿತ್ತೆ ಹಿಡಿಯುವ ಹೊತ್ತಿಗೆ ಮಲೆನಾಡಿಗೆ ಹೊರಟವು. 2020ರ ನಂತರದ ಡೀಸೆಲ್ ಥಾರ್: 2.2 ಲೀಟರ್, 130 ಎಚ್‌ಪಿ, 300 ಎನ್ಎಂ, ಕಂಪನಿಯಿಂದಲೇ ಬಂದ, ಟಾರು ಮಣ್ಣು ಎರಡಕ್ಕೂ ನಡೆಯುವ 255/65 ಆರ್18 ಎಟಿ ಟೈರು. ಐದು ಬಾಗಿಲಿನ ಜಿಮ್ನಿ: 1.5 ಪೆಟ್ರೋಲ್, 105 ಎಚ್‌ಪಿ, 134 ಎನ್ಎಂ, 195/80 ಆರ್15 ಎಚ್‌ಟಿ ಟೈರು, ಅಂದರೆ ಟಾರು ರಸ್ತೆಗೆ ಮಾಡಿದ್ದು. 2021ರ ಗೂರ್ಖಾ: 2.6 ಡೀಸೆಲ್, 90 ಎಚ್‌ಪಿ, 250 ಎನ್ಎಂ, ಹಿಂದೆ ಮುಂದೆ ಎರಡೂ ಕಡೆ ಲಾಕರ್ (ಒಂದು ಆಕ್ಸಲಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಬಿಗಿಯುವ ಸಾಧನ), ಎಟಿ ಟೈರು. ಕೊನೆಯದು 1.3 ಲೀಟರಿನ ಜಿಪ್ಸಿ ಕಿಂಗ್: 80 ಎಚ್‌ಪಿ, ನಾಲ್ಕೂ ಮೂಲೆಯಲ್ಲಿ ಪ್ಲೇಟು ಸ್ಪ್ರಿಂಗು, ಕೆಸರಿಗೆಂದೇ ಹಾಕಿಸಿದ ಎಂಟಿ ಟೈರು.

ಪಂದ್ಯದ ನಿಯಮ ಹೊರಡುವ ಮುಂಚೆಯೇ ಆಗಿತ್ತು. ಒಂದೊಂದು ಜಾಗಕ್ಕೆ 10 ಅಂಕ. ಹಿಂದೆ ಬಂದು ಮತ್ತೆ ಪ್ರಯತ್ನಿಸಿದರೆ 2 ಕಡಿತ, ಹಗ್ಗ ಕಟ್ಟಿಸಿಕೊಂಡರೆ 5 ಕಡಿತ. ಕಾಫಿ ಗಿಡ ಮುಟ್ಟಿದರೆ ಸೊನ್ನೆ. ಸಮಯಕ್ಕೆ ಅಂಕವಿಲ್ಲ. ಗಡಿಯಾರ ಇಟ್ಟ ಕೂಡಲೇ ಜನ ಆಕ್ಸಲರೇಟರ್ ಒತ್ತುತ್ತಾರೆ, ಆಕ್ಸಲ್ ಮುರಿಯುವುದು ಆಗಲೇ. ಕಡಿಮೆ ಅಂಕದವರು ಕೊನೆಯ ರಾತ್ರಿಯ ಕೋಳಿ ಸಾರು, ಕಡುಬಿನ ಖರ್ಚು ಕೊಡಬೇಕು.

ದಿನ 1: ಬೆಂಗಳೂರು – ಸಕಲೇಶಪುರ

ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 220 ಕಿ.ಮೀ. ಈ ದಿನ ಥಾರ್‌ನದು. ಲಾರಿ ಹಿಂದಿಕ್ಕಲು ಗೇರು ಇಳಿಸುವ ಅಗತ್ಯವೂ ಬೀಳುವುದಿಲ್ಲ. ಜಿಮ್ನಿ ಐದನೇ ಗೇರಿನಲ್ಲಿ 100 ಮುಟ್ಟುವಾಗ 3,000 ಆರ್‌ಪಿಎಂ ದಾಟಿರುತ್ತದೆ, ಓವರ್‌ಟೇಕಿಗೆ ಮೂರನೇ ಗೇರು ಬೇಕೇ ಬೇಕು. ಜಿಪ್ಸಿಗೆ 80 ಹಿತ. ಅದರ ಮೇಲೆ ಪಕ್ಕದವರ ಮಾತು ಕೇಳಿಸದು. ಮುಂದೆಯೂ ರಿಜಿಡ್ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಗಟ್ಟಿ ದಂಡ) ಇರುವ ಜಿಮ್ನಿ, ಜಿಪ್ಸಿ, ಗೂರ್ಖಾ ಮೂರನ್ನೂ ಹೆದ್ದಾರಿಯಲ್ಲಿ ಸಣ್ಣಗೆ ತಿದ್ದುತ್ತಲೇ ಓಡಿಸಬೇಕು. ಥಾರ್ ಮುಂದಿನ ಚಕ್ರಗಳಿಗೆ ಒಂದೊಂದೂ ಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವುದರಿಂದ ಆ ರಗಳೆ ಕಡಿಮೆ. ಇದೇ ಸಸ್ಪೆನ್ಷನ್ ಮರುದಿನ ಗುಂಡಿಯಲ್ಲಿ ಅದಕ್ಕೆ ತೊಡಕಾಯಿತು.

ಸಾಲಿನಲ್ಲಿ ಹೋಗುವಾಗ ನಿಧಾನದ ಗಾಡಿ ಎರಡನೆಯದಾಗಿರಬೇಕು, ಕೊನೆಯದಲ್ಲ. ಜಿಪ್ಸಿ ಕೊನೆಯಲ್ಲಿದ್ದರೆ ಮುಂದಿನವರು ಅರಿವಿಲ್ಲದೆ ಹತ್ತು ಕಿ.ಮೀ. ದೂರ ಹೋಗಿರುತ್ತಾರೆ. ತಿರುವಿನಲ್ಲಿ ಹಿಂದಿನ ಗಾಡಿ ಕನ್ನಡಿಯಲ್ಲಿ ಕಾಣುವವರೆಗೆ ಪ್ರತಿಯೊಬ್ಬರೂ ಕಾಯಬೇಕು. ಮೊಬೈಲ್ ಸಿಗ್ನಲ್ ಹಾಸನದವರೆಗೆ ಸರಿ, ತೋಟದೊಳಗೆ ನಂಬುವಂತಿಲ್ಲ. ಅದಕ್ಕೆ 446.0–446.2 ಮೆಗಾಹರ್ಟ್ಸ್‌ನ, ಪರವಾನಗಿ ಬೇಡದ ವಾಕಿಟಾಕಿ ಸಾಕು. ವಾಕಿಟಾಕಿಯ ಅರ್ಧ ಬ್ಯಾಟರಿ ತಮಾಷೆಗೇ ಖಾಲಿಯಾಗುತ್ತದೆ ಎನ್ನುವುದು ಬೇರೆ ಮಾತು.

"ಅಣ್ಣಾ, ಜಿಪ್ಸಿ ಎಷ್ಟನೇ ಗೇರಲ್ಲಿದೆ? ಹಿಂದೆ ಬಸ್ಸಿನವನು ಬೈತಿದಾನೆ."

"ಬೈಲಿ ಬಿಡೋ. ನಾಳೆ ಕೆಸರಲ್ಲಿ ನೀನು ಕರೀತೀಯಲ್ಲ, ಆಗ ನಾನು ಇದೇ ಗೇರಲ್ಲಿ ಬರ್ತೀನಿ."

ಸಕಲೇಶಪುರದ ಬಂಕಿನಲ್ಲಿ ಎಲ್ಲರೂ ಟ್ಯಾಂಕ್ ತುಂಬಿಸಬೇಕು. ಜಿಮ್ನಿ, ಜಿಪ್ಸಿ ಎರಡರದ್ದೂ 40 ಲೀಟರಿನ ಟ್ಯಾಂಕು; ಥಾರ್‌ನದು 57, ಗೂರ್ಖಾದ್ದು 63. ಲೋ ರೇಂಜಿನಲ್ಲಿ (ವೇಗ ಕಡಿಮೆ ಮಾಡಿ ಚಕ್ರಕ್ಕೆ ಬಲ ಹೆಚ್ಚಿಸುವ ಗೇರು) ಮೈಲೇಜನ್ನು ಕಿಲೋಮೀಟರಿನ ಲೆಕ್ಕದಲ್ಲಿ ನೋಡಬಾರದು, ಗಂಟೆಯ ಲೆಕ್ಕದಲ್ಲಿ ನೋಡಬೇಕು. ದಿನವಿಡೀ ತೋಟದಲ್ಲಿ ತಿರುಗಿದರೆ ಹದಿನೈದು ಕಿ.ಮೀ. ಆಗಿರುತ್ತದೆ, ಮುಳ್ಳು ಮಾತ್ರ ಕಾಲು ಟ್ಯಾಂಕ್ ಇಳಿದಿರುತ್ತದೆ.

ಅನುಮತಿಯ ವಿಚಾರ ಇಲ್ಲೇ ಹೇಳಿಬಿಡಬೇಕು. ಶೋಲಾ ಹುಲ್ಲುಗಾವಲು, ಮೀಸಲು ಅರಣ್ಯ, ಹೊಳೆಯ ದಂಡೆ ಇವು ಯಾವುವೂ ಆಫ್‌ರೋಡಿಗೆ ಇರುವ ಜಾಗವಲ್ಲ. ಮೀಸಲು ಅರಣ್ಯಕ್ಕೆ ನುಗ್ಗಿದರೆ ಕರ್ನಾಟಕ ಅರಣ್ಯ ಕಾಯ್ದೆ, 1963ರ ಅಡಿ ಕೇಸು. ತೋಟದ ಮಾಲೀಕರ ಲಿಖಿತ ಒಪ್ಪಿಗೆ, ಜೊತೆಗೆ ತೋಟದ ರೈಟರ್ (ಗುಮಾಸ್ತ) ಅಥವಾ ಮೇಸ್ತ್ರಿ ಇದ್ದರೆ ಮಾತ್ರ ಇಳಿಯಬೇಕು. ಈ ಭಾಗದಲ್ಲಿ ಆನೆಯ ಓಡಾಟ ಇರುವುದರಿಂದ ಸಂಜೆ ಐದಕ್ಕೆ ಎಲ್ಲ ಗಾಡಿ ಕಾಫಿ ಒಣಗಿಸುವ ಕಣಕ್ಕೆ ವಾಪಸ್. ಆನೆ ಎಲ್ಲಿದೆ ಎಂಬ ಸುದ್ದಿ ರೈಟರ್ ಮೊಬೈಲಿಗೆ ಬಂದಿರುತ್ತದೆ, ಬೆಳಿಗ್ಗೆ ಮೊದಲು ಕೇಳಬೇಕಾದದ್ದು ಅದನ್ನೇ. ಗಾಡಿಯ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಿಕೊಂಡು ಬರುವವರೂ ಇದ್ದಾರೆ. 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮಕ್ಕೆ ಹೇಳಿದೆ. ದಂಡ ಬಿದ್ದರೆ ಗೊಣಗಬಾರದು.

ದಿನ 2: ಕೆಂಪು ಮಣ್ಣಿನ ಏರು, ಮೂಲೆ ಗುಂಡಿ

ಕಣದಲ್ಲೇ ಗಾಳಿ ಇಳಿಸಿದ್ದು. ಥಾರ್ 18 ಪಿಎಸ್‌ಐ, ಗೂರ್ಖಾ 20, ಜಿಮ್ನಿ 16, ಜಿಪ್ಸಿ 14. ಭಾರ ಕಡಿಮೆ ಇದ್ದಷ್ಟೂ ಹೆಚ್ಚು ಇಳಿಸಬಹುದು. ಎಂಟಿ ಟೈರಿನ ಪಕ್ಕೆ ಗಟ್ಟಿ, ಅದಕ್ಕೆ ಇನ್ನೂ ಸ್ವಲ್ಪ ಇಳಿಸಬೇಕು. 12ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯ. ಗಾಳಿ ಇಳಿಸಿದ ಮೇಲೆ 40 ಕಿ.ಮೀ. ವೇಗ ಮೀರಬಾರದು. ಜಿಪ್ಸಿಯಲ್ಲಿ ಇನ್ನೊಂದು ಕೆಲಸ: ಇಳಿದು ಮುಂದಿನ ಎರಡೂ ಚಕ್ರದ ಹಬ್ಬನ್ನು ಕೈಯಲ್ಲಿ ತಿರುಗಿಸಿ ಲಾಕ್ ಮಾಡಬೇಕು. ಮರೆತರೆ ಒಳಗೆ 4ಎಲ್ (ನಾಲ್ಕೂ ಚಕ್ರಕ್ಕೆ ಲೋ ರೇಂಜ್) ಹಾಕಿದ್ದರೂ ಮುಂದಿನ ಚಕ್ರ ಸುಮ್ಮನಿರುತ್ತದೆ. ಕೆಸರಿನ ಮಧ್ಯೆ ಬೂಟು ಮುಳುಗಿಸಿ ಹಬ್ ತಿರುಗಿಸುವ ಜಿಪ್ಸಿಯವರು ಎಲ್ಲ ಪ್ರವಾಸದಲ್ಲೂ ಒಬ್ಬರಾದರೂ ಸಿಗುತ್ತಾರೆ.

ಮೊದಲ ಜಾಗ ಕೆಲಸಗಾರರ ಲೈನ್ ಮನೆಗಳ ಹಿಂದಿನ ಏರು. ಅರವತ್ತು ಮೀಟರ್ ಉದ್ದ, ಟ್ರ್ಯಾಕ್ಟರ್ ಓಡಾಡಿ ಎರಡು ಕೊರಕಲು ಬಿದ್ದ ಕೆಂಪು ಜೇಡಿ, ಎಡಕ್ಕೆ ಸ್ವಲ್ಪ ಓಟು (ಇಳಿಜಾರು), ಎಡದಲ್ಲೇ ಕಾಫಿ ಗಿಡ. ಇಲ್ಲಿ ಯಾರು ಮೊದಲು ಹೋಗುತ್ತಾರೆ ಎನ್ನುವುದರಲ್ಲೇ ಅರ್ಧ ಆಟ ಇದೆ. ಥಾರ್‌ನ ಎಡ ಬಲ ಚಕ್ರಗಳ ನಡುವೆ ಸುಮಾರು 1,520 ಮಿ.ಮೀ., ಜಿಮ್ನಿಯಲ್ಲಿ ಸುಮಾರು 1,400, ಜಿಪ್ಸಿಯಲ್ಲಿ ಸುಮಾರು 1,300. ದೊಡ್ಡ ಗಾಡಿ ಹೋಗಿ ಕೊರಕಲು ಆಳ ಮಾಡಿದ ಮೇಲೆ ಸಣ್ಣದು ಹೋದರೆ ಅದರ ಒಂದು ಚಕ್ರ ಕೊರಕಲಲ್ಲಿ, ಇನ್ನೊಂದು ಮಧ್ಯದ ದಿಂಡಿನ ಮೇಲೆ. ಗಾಡಿ ವಾಲುತ್ತದೆ, ಆಕ್ಸಲ್ ನಡುವಿನ ಗುಂಡು ದಿಂಡಿಗೆ ಒರಗುತ್ತದೆ. ಆದ್ದರಿಂದ ಕಿರಿದಾದ ಗಾಡಿ ಮೊದಲು ಹೋಗಬೇಕು. ಇದನ್ನು ಬಲ್ಲ ಥಾರ್‌ನವರು "ನಾವೇ ಮೊದಲು" ಎಂದು ಮುಂದೆ ಬಂದದ್ದು ಸೌಜನ್ಯದಿಂದಲ್ಲ. ಕೊನೆಗೆ ಚೀಟಿ ಎತ್ತಿದರು: ಜಿಪ್ಸಿ, ಗೂರ್ಖಾ, ಥಾರ್, ಜಿಮ್ನಿ.

ಜಿಪ್ಸಿ 4ಎಲ್ ಎರಡನೇ ಗೇರಿನಲ್ಲಿ ಹೊರಟಿತು. ಮೊದಲನೇ ಗೇರಾದರೆ ಚಕ್ರಕ್ಕೆ ಬಲ ಜಾಸ್ತಿಯಾಗಿ ಜೇಡಿಯಲ್ಲಿ ಬೇಗ ಸುತ್ತಿಬಿಡುತ್ತದೆ. ಅರ್ಧಕ್ಕೆ ಬಂದಾಗ ಮುಂದಿನ ಚಕ್ರ ಸುತ್ತತೊಡಗಿತು. ಸ್ಟೇರಿಂಗನ್ನು ಎಡ ಬಲ ಕಾಲು ಸುತ್ತು ಬೇಗಬೇಗ ಆಡಿಸಿದಾಗ ಟೈರಿನ ಪಕ್ಕದ ಹಲ್ಲು ಕೊರಕಲಿನ ಗೋಡೆ ಕಚ್ಚಿ ಗಾಡಿಯನ್ನು ಎಳೆದುಕೊಂಡಿತು. ಪೂರ್ತಿ 10.

ಗೂರ್ಖಾದವರು ಏರಿನ ಬುಡದಲ್ಲೇ ಎರಡೂ ಲಾಕರ್ ಲಿವರ್ ಎಳೆದರು. ನೋಡುವವರಿಗೆ ಇದು ಗೆದ್ದ ಹಾಗೆ. ಆದರೆ ಅಡ್ಡ ಓಟು ಇರುವ ಜಾರು ನೆಲದಲ್ಲಿ ಲಾಕರ್ ತಿರುಗಿ ಕಚ್ಚುತ್ತದೆ. ಲಾಕ್ ಇಲ್ಲದಿದ್ದರೆ ಒಂದು ಚಕ್ರ ಸುತ್ತುವಾಗ ಇನ್ನೊಂದು ಸುಮ್ಮನೆ ನಿಂತು ಲಂಗರಿನ ಕೆಲಸ ಮಾಡುತ್ತದೆ. ಲಾಕ್ ಆದಾಗ ಎರಡೂ ಒಟ್ಟಿಗೆ ಸುತ್ತಿ ಹಿಡಿತ ಕಳೆದುಕೊಂಡು ಆಕ್ಸಲ್ ಇಳಿಜಾರಿನ ಕಡೆಗೆ ಸರಿಯುತ್ತದೆ. ಗೂರ್ಖಾದ ಹಿಂಭಾಗ ಸರಿದು ಸರಿದು ಬಂಪರ್ ರೋಬಸ್ಟಾ ಗಿಡದ ರೆಂಬೆಗೆ ತಾಗಿತು. ಸೊನ್ನೆ. ಇಂಥಲ್ಲಿ ಹಿಂದಿನ ಲಾಕರ್ ಒಂದೇ ಎಳೆಯಬೇಕು, ಅದೂ ನೇರ ಭಾಗದಲ್ಲಿ. ಮುಂದಿನದನ್ನು ಕೊನೆಯ ಉಪಾಯವಾಗಿ ಇಟ್ಟುಕೊಂಡು, ತಿರುವು ಬರುವ ಮೊದಲೇ ಬಿಡಿಸಬೇಕು. ಬಿಡಿಸದಿದ್ದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗುತ್ತದೆ.

ಥಾರ್ ಒಂದು ಸಲ ನಿಂತಿತು. ಹತ್ತುವಾಗ ನಿಂತರೆ ಕ್ಲಚ್ ಒತ್ತಿ ಹಿಂದಕ್ಕೆ ಜಾರಲು ಬಿಡುವುದೇ ದೊಡ್ಡ ತಪ್ಪು. ಗಾಡಿ ಅಡ್ಡ ತಿರುಗಿ ಉರುಳುತ್ತದೆ. ಬ್ರೇಕ್ ಹಿಡಿದು, ರಿವರ್ಸ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು ಎಂಜಿನ್ನಿನ ಹಿಡಿತದಲ್ಲೇ ನೇರ ಹಿಂದೆ ಇಳಿಯಬೇಕು. ಎಂಜಿನ್ ಆಫ್ ಆಗಿದ್ದರೆ ಹಳೆಯ ಜಿಪ್ಸಿಯನ್ನು ಗೇರಿನಲ್ಲೇ ಸೆಲ್ಫ್ ಹೊಡೆದು ಎಬ್ಬಿಸಬಹುದು. ಥಾರ್, ಜಿಮ್ನಿ ಕ್ಲಚ್ ಒತ್ತದೆ ಸ್ಟಾರ್ಟ್ ಆಗುವುದಿಲ್ಲ, ಬಲಗಾಲು ಬ್ರೇಕಿನಿಂದ ಕದಲಬಾರದು. ಎರಡನೇ ಯತ್ನದಲ್ಲಿ ಥಾರ್ ಏರಿತು: 8.

ಜಿಮ್ನಿಯ ಎಚ್‌ಟಿ ಟೈರಿನ ಸಣ್ಣ ಗೆರೆಗಳು ಮೊದಲ ಎರಡು ಸುತ್ತಿಗೇ ಜೇಡಿ ತುಂಬಿ ನುಣ್ಣಗಾದವು. ಮೂರು ಸಲ ಹಿಂದೆ ಬಂದರು. ಆಮೇಲೆ ಗಾಳಿ 14ಕ್ಕೆ ಇಳಿಸಿ, ಕೊರಕಲು ಬಿಟ್ಟು ಬಲ ಚಕ್ರವನ್ನು ದರೆಯ ಬದಿಯ ಹುಲ್ಲಿನ ಮೇಲೆ, ಎಡ ಚಕ್ರವನ್ನು ದಿಂಡಿನ ಮೇಲೆ ಇಟ್ಟು ಹೋದಾಗ ದಾರಿಯಾಯಿತು. ಹುಲ್ಲಿನ ಬೇರು ಇರುವಲ್ಲಿ ಎಚ್‌ಟಿಗೂ ಹಿಡಿತ ಸಿಗುತ್ತದೆ. 1.2 ಟನ್ನಿನ ಗಾಡಿ ಆದ್ದರಿಂದ ದಿಂಡು ಕುಸಿಯಲಿಲ್ಲ. ಅದೇ ಗೆರೆಯಲ್ಲಿ ಗೂರ್ಖಾ ಹೋಗಿದ್ದರೆ ದಿಂಡು ಉಳಿಯುತ್ತಿರಲಿಲ್ಲ. 4 ಅಂಕ. ಏರು ಯಾವ ಕಂಪನಿಯ ಪರವಾಗಿಯೂ ತೀರ್ಪು ಕೊಡಲಿಲ್ಲ, ಟೈರಿನ ಪರವಾಗಿ ಕೊಟ್ಟಿತು. ಜಿಮ್ನಿಗೆ 215/75 ಆರ್15 ಎಟಿ ಹಾಕಿದ್ದರೆ ಲೆಕ್ಕವೇ ಬೇರೆ. ಈ ಮಾತನ್ನು ಜಿಮ್ನಿಯವರು ಮಧ್ಯಾಹ್ನದ ಅಕ್ಕಿರೊಟ್ಟಿ ಮುಗಿಯುವವರೆಗೂ ಹೇಳುತ್ತಲೇ ಇದ್ದರು.

ಇಳಿಜಾರು ಸುಲಭ ಅನಿಸುತ್ತದೆ, ಅಲ್ಲೇ ಎಡವುವುದು. 4ಎಲ್ ಒಂದನೇ ಗೇರು, ಎರಡೂ ಕಾಲು ಪೆಡಲಿನಿಂದ ದೂರ. ಜೇಡಿಯಲ್ಲಿ ಬ್ರೇಕ್ ತುಳಿದರೆ ಚಕ್ರ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ. ಜಾರತೊಡಗಿದರೆ ಮನಸ್ಸು ಬಾರದಿದ್ದರೂ ಸ್ವಲ್ಪ ಆಕ್ಸಲರೇಟರ್ ಕೊಟ್ಟು ಚಕ್ರ ಉರುಳುವಂತೆ ಮಾಡಬೇಕು. ಉರುಳುವ ಚಕ್ರ ಮಾತ್ರ ಸ್ಟೇರಿಂಗಿನ ಮಾತು ಕೇಳುತ್ತದೆ. ಥಾರ್‌ನ ಲೋ ರೇಂಜ್ ಅನುಪಾತ 2.48, ಜಿಮ್ನಿಯದು 2.00 ಚಿಲ್ಲರೆ. ಥಾರ್ ತೆವಳಿಕೊಂಡು ಇಳಿದರೆ ಜಿಮ್ನಿ ಅದಕ್ಕಿಂತ ತುಸು ಚುರುಕಾಗಿ ಇಳಿಯುತ್ತದೆ.

ಮಧ್ಯಾಹ್ನದ ಮೇಲೆ ಮೂಲೆ ಗುಂಡಿ. ಸಲಿಕೆ ಹಾರೆಯಲ್ಲಿ 45 ಸೆಂ.ಮೀ. ಆಳದ ಗುಂಡಿಗಳನ್ನು ಎಡಕ್ಕೊಂದು ಬಲಕ್ಕೊಂದು ತೋಡಿದ್ದು. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಒಟ್ಟಿಗೆ ಗುಂಡಿಗಿಳಿದರೆ ಉಳಿದೆರಡರಲ್ಲಿ ಒಂದಾದರೂ ಗಾಳಿಯಲ್ಲಿ. ಆಕ್ಸಲ್ ನಡುವೆ ಬಲ ಹಂಚುವ ಸಾದಾ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲ ಕೊಡುತ್ತದೆ. ಗಾಳಿಯಲ್ಲಿ ತೂಗುವ ಚಕ್ರ ತಿರುಗಲು ಬಲವೇ ಬೇಡ, ಹಾಗಾಗಿ ನೆಲದಲ್ಲಿರುವ ಚಕ್ರಕ್ಕೂ ಅಷ್ಟೇ ಸಿಗುವುದು.

ಗೂರ್ಖಾ ಎರಡೂ ಲಿವರ್ ಎಳೆದು ಐಡಲಿನಲ್ಲೇ, ಆಕ್ಸಲರೇಟರ್ ಮುಟ್ಟದೆ, ನಡೆದುಕೊಂಡು ಹೋದಂತೆ ದಾಟಿತು. ಬೆಳಗಿನ ಸೊನ್ನೆಗೆ ಬಡ್ಡಿ ಸಮೇತ ಉತ್ತರ. ಥಾರ್‌ನ ಮುಂದಿನ ಸಸ್ಪೆನ್ಷನ್ ಹೆಚ್ಚು ಬಾಗುವುದಿಲ್ಲ, ಚಕ್ರ ಬೇಗ ಎದ್ದಿತು. ಹಿಂದಿನ ಒಂದು ಚಕ್ರ ಇನ್ನೊಂದಕ್ಕಿಂತ ಸುಮಾರು 100 ಆರ್‌ಪಿಎಂ ಹೆಚ್ಚು ಸುತ್ತಿದ ಕೂಡಲೇ ಅಡಿಯಿಂದ 'ಟಕ್' ಎಂಬ ಸದ್ದು. ಮೆಕ್ಯಾನಿಕಲ್ ಲಾಕರ್ ತಾನಾಗಿ ಕೂತು ಗಾಡಿ ಮುಂದೆ ಹಾರಿತು. ಗೊತ್ತಿಲ್ಲದವರು ಆ ಸದ್ದಿಗೆ ಏನೋ ಮುರಿಯಿತು ಎಂದು ಕಾಲು ತೆಗೆಯುತ್ತಾರೆ, ಆಗ ಲಾಕ್ ಬಿಟ್ಟುಹೋಗುತ್ತದೆ. ಜಿಮ್ನಿಯಲ್ಲಿ ಲಾಕರ್ ಇಲ್ಲ, ಸುತ್ತುವ ಚಕ್ರಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಬಲ ಕಳಿಸುವ ವ್ಯವಸ್ಥೆ ಇದೆ. ಅದಕ್ಕೆ ಸಮಯ ಕೊಡಬೇಕು: 2,000 ದಾಟಿದ ಆರ್‌ಪಿಎಂನಲ್ಲಿ ಕಾಲು ಕದಲಿಸದೆ ಎರಡು ಸೆಕೆಂಡು. ಚಕ್ರ ಸುತ್ತಿತೆಂದು ಆಕ್ಸಲರೇಟರ್ ಬಿಟ್ಟು ಮತ್ತೆ ಒತ್ತುವವರಿಗೆ ಅದು ಕೆಲಸವೇ ಮಾಡುವುದಿಲ್ಲ. ಎರಡೂ ಆಕ್ಸಲ್ ಚೆನ್ನಾಗಿ ಬಾಗುವುದರಿಂದ ಜಿಮ್ನಿ ಕರಕರ ಸದ್ದು ಮಾಡುತ್ತಲೇ ದಾಟಿತು. ಪೂರ್ತಿ ಅಂಕ. ಥಾರ್‌ನವರು "ಬ್ರೇಕ್ ಪ್ಯಾಡ್ ಖರ್ಚು ಕೂಡಿಸಿಕೊಳ್ಳಪ್ಪ" ಅಂದರು.

ಜಿಪ್ಸಿಯ ಸ್ಥಿತಿ ಇಲ್ಲಿ ಕಷ್ಟ. ಗಟ್ಟಿ ಪ್ಲೇಟು ಸ್ಪ್ರಿಂಗು ಬಾಗುವುದಿಲ್ಲ, ಡಿಫರೆನ್ಷಿಯಲ್ ಎರಡೂ ಸಾದಾ. ಎರಡು ಚಕ್ರ ಎತ್ತಿ ನಿಂತುಬಿಟ್ಟಿತು. ಕ್ಲಚ್ ಪೂರ್ತಿ ಬಿಟ್ಟು ಎಡಗಾಲಲ್ಲಿ ಬ್ರೇಕನ್ನು ಹಗುರವಾಗಿ ಒತ್ತುತ್ತ ಆಕ್ಸಲರೇಟರ್ ಕೊಟ್ಟರೆ ಜಿಮ್ನಿಯ ಕಂಪ್ಯೂಟರ್ ಮಾಡುವುದನ್ನೇ ಕಾಲಿನಿಂದ ಮಾಡಿದ ಹಾಗೆ. ಅರ್ಧ ಅಡಿ ಸರಿಯಿತು, ಅಷ್ಟೇ. ಕೊನೆಗೆ ತೂಗುವ ಚಕ್ರದಡಿ ನಾಲ್ಕು ಕಲ್ಲು ಜೋಡಿಸಿದಾಗ ಹೊರಬಂತು. ಕಲ್ಲಿಗೆ ಅಂಕ ಕಡಿತ ಎಷ್ಟು ಎಂದು ನಿಯಮದಲ್ಲಿರಲಿಲ್ಲ. ಆ ವಾದ ರಾತ್ರಿ ಊಟಕ್ಕೂ ಬಂದು ಕೂತಿತು.

ದಿನ 3: ಹಳ್ಳ, ಆಮೇಲೆ ಗದ್ದೆ ಅಂಚು

ತೋಟದೊಳಗಿನ ಹಳ್ಳ. ಗಾಡಿ ಇಳಿಸುವ ಮೊದಲು ಒಬ್ಬರು ಕೋಲು ಹಿಡಿದು ನಡೆದು ದಾಟಬೇಕು. ಕಾಲಿಗೆ ಇಂಬಳ ಹತ್ತದಂತೆ ಸುಣ್ಣ ಬೆರೆಸಿದ ಹೊಗೆಸೊಪ್ಪಿನ ಪುಡಿ ಸಾಕು. ಕೋಲಿನಲ್ಲಿ ನೀರು 45 ಸೆಂ.ಮೀ., ತಳ ಉರುಟು ಕಲ್ಲು, ಆಚೆ ದಡ ಮೆತ್ತಗೆ. ಬ್ರೋಷರ್ ಪ್ರಕಾರ ಥಾರ್ 650 ಮಿ.ಮೀ., ಗೂರ್ಖಾ 700 ಮಿ.ಮೀ. ನೀರು ದಾಟುತ್ತದೆ. ಆ ಸಂಖ್ಯೆ ನಿಂತ ನೀರಿನದು. ಹರಿಯುವ ನೀರು ಬಾಗಿಲಿನ ಕೆಳ ಅಂಚು ಮುಟ್ಟಿದರೆ ಪಕ್ಕಕ್ಕೆ ತಳ್ಳತೊಡಗುತ್ತದೆ, ಆಗ ಹಗುರ ಗಾಡಿಯೇ ಮೊದಲು ತೇಲುವುದು. ಗೂರ್ಖಾದವರು ಸ್ನಾರ್ಕೆಲ್ ತೋರಿಸಿ ಎದೆ ಉಬ್ಬಿಸುತ್ತಾರೆ. ಸ್ನಾರ್ಕೆಲ್ ಎಂಜಿನ್ನಿಗೆ ಗಾಳಿ ಕೊಡುತ್ತದೆ. ವೈರಿಂಗ್, ಬಾಗಿಲ ರಬ್ಬರ್, ಆಕ್ಸಲ್ ಬ್ರೀದರ್ (ಗಾಳಿಯಾಡುವ ಕಿಂಡಿ) ಇವಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ.

ಹಳ್ಳದ ದಡದಲ್ಲಿ ಹತ್ತು ನಿಮಿಷ ಗಾಡಿ ತಣಿಯಲು ಬಿಡಬೇಕು. ಬಿಸಿ ಆಕ್ಸಲ್ ಒಮ್ಮೆಲೇ ತಣ್ಣೀರಿಗಿಳಿದರೆ ಒಳಗಿನ ಗಾಳಿ ಕುಗ್ಗಿ, ಸೀಲು ಸವೆದಿದ್ದರೆ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆಮೇಲೆ 4ಎಲ್ ಒಂದು ಅಥವಾ ಎರಡನೇ ಗೇರು, ನಡಿಗೆಯ ವೇಗ. ಮುಂದೊಂದು ಅಲೆ ಎದ್ದು, ಅದರ ಹಿಂದೆ ಬಾನೆಟ್ಟಿನ ಕೆಳಗೆ ನೀರು ತಗ್ಗುತ್ತದೆ. ಆ ಅಲೆಯನ್ನು ದಾಟಿ ಮುಂದೆ ಹೋಗಬಾರದು, ಅದಕ್ಕಿಂತ ಹಿಂದೆಯೂ ಬೀಳಬಾರದು. ನೀರಿನ ಮಧ್ಯೆ ಕ್ಲಚ್ ಒತ್ತಬಾರದು, ಪ್ಲೇಟಿನ ನಡುವೆ ನೀರು ಕೆಸರು ಸೇರಿದರೆ ಆಚೆ ದಡ ಹತ್ತುವಾಗ ಕ್ಲಚ್ ಜಾರುತ್ತದೆ. ಜಿಪ್ಸಿಯ ಡಿಸ್ಟ್ರಿಬ್ಯೂಟರ್ ಮೇಲೆ ನೀರು ಚಿಮ್ಮಿದರೆ ಕಿಡಿ ನಿಂತಿತು; ಮುಂದಿನ ಗ್ರಿಲ್ಲಿಗೆ ಟಾರ್ಪಾಲಿನ ತುಂಡು ಕಟ್ಟಿ, ಪ್ಲಗ್ ವೈರುಗಳಿಗೆ ಡಬ್ಲ್ಯೂಡಿ-40 ಹೊಡೆದು ಇಳಿಸಿದರು. ನೀರಿನಲ್ಲಿ ಎಂಜಿನ್ ನಿಂತರೆ ಮಾತ್ರ ಸೆಲ್ಫ್ ಹೊಡೆಯಲೇಬಾರದು. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಳೆದು ದಡಕ್ಕೆ ತಂದು, ಏರ್ ಫಿಲ್ಟರ್ ನೋಡಿ, ಒದ್ದೆಯಾಗಿದ್ದರೆ ಪ್ಲಗ್ ಬಿಚ್ಚಿ ಎಂಜಿನ್ ತಿರುಗಿಸಿ ನೀರು ಹೊರಹಾಕಿದ ಮೇಲೆಯೇ ಸ್ಟಾರ್ಟ್.

ನಾಲ್ಕೂ ದಾಟಿದವು, ನಾಲ್ಕಕ್ಕೂ 10. ಚಪ್ಪೆ ಪಂದ್ಯ ಎಂದು ಜಿಮ್ನಿಯವರು ಗೊಣಗಿದರು, ದಡ ಹತ್ತಿದ್ದೇ ಸಮಾಧಾನದಿಂದ.

ರಸ ಬಂದದ್ದು ಹಳ್ಳದ ಆಚೆ, ಹಾಳು ಬಿಟ್ಟ ಗದ್ದೆಯ ಅಂಚಿನಲ್ಲಿ. ಮೇಲೆ ಹಸಿರು, ಕೆಳಗೆ ತಳವಿಲ್ಲದ ಕೆಸರು. ಜಿಪ್ಸಿ ಮೇಲ್ಮೈ ಒಡೆಯದೆ ದಾಟಿತು. ಜಿಮ್ನಿ 14 ಪಿಎಸ್‌ಐನಲ್ಲಿ, ನಿಲ್ಲದೆ ತಿರುಗದೆ, ಹಾಗೆಯೇ. 1.7 ಟನ್ ದಾಟುವ ಥಾರ್ ಮಧ್ಯಕ್ಕೆ ಬಂದಾಗ ಮೇಲ್ಪದರ ಕುಸಿಯಿತು. ಇಲ್ಲಿ ಲಾಕರ್ ಕೂಡ ನೆರವಿಗೆ ಬರಲಿಲ್ಲ. ಎರಡೂ ಚಕ್ರ ಸಮನಾಗಿ ಗುಂಡಿ ತೋಡಿಕೊಂಡು ಆಕ್ಸಲ್ ನೆಲಕ್ಕೆ ಕೂತಿತು.

"ಗುರು, ಆಟಿಕೆ ಬೇಕಾ?" ಜಿಮ್ನಿಯಿಂದ ವಾಕಿಟಾಕಿಯಲ್ಲಿ.

"ಮೊದಲು ಸಲಿಕೆ ತಗೊಂಡು ಬಾ ಮಾರಾಯ."

ಸಲಿಕೆ ಮೊದಲು ಎಂಬುದು ಸರಿಯಾದ ಮಾತು. ಸೈನ್ಯದ ರಿಕವರಿ ಲೆಕ್ಕದಲ್ಲಿ ಚಕ್ರದಷ್ಟು ಹೂತ ಗಾಡಿಯನ್ನು ಎಳೆಯಲು ಗಾಡಿಯ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡ್ ಮುಟ್ಟಿದರೆ ಎರಡು ಪಟ್ಟು. ಹತ್ತು ನಿಮಿಷ ಅಗೆದು ನಾಲ್ಕೂ ಚಕ್ರದ ಮುಂದೆ ಇಳಿಜಾರು ಮಾಡಿ, ಆಕ್ಸಲ್ ಕೆಳಗಿನ ಮಣ್ಣು ತೆಗೆದರೆ ಆ ಲೆಕ್ಕ ಬಹಳ ತಗ್ಗುತ್ತದೆ. ಆತುರದವರು ಸಲಿಕೆ ಬಿಟ್ಟು ಹಗ್ಗ ಹಿಡಿಯುತ್ತಾರೆ, ಟೋ ಹುಕ್ ಕಿತ್ತುಬರುತ್ತದೆ.

ಗೂರ್ಖಾದಲ್ಲಿದ್ದ, ಹಗ್ಗ ಸುತ್ತಿ ಎಳೆಯುವ ವಿಂಚ್‌ಗೆ ಆಧಾರವಾಗಿ ಮರ ಕಟ್ಟುವುದು ಮೊದಲ ಯೋಚನೆ. ಸುತ್ತ ಇದ್ದದ್ದೆಲ್ಲ ಸಿಲ್ವರ್ ಓಕ್, ಅಷ್ಟಕ್ಕೂ ಬುಡದಿಂದ ಮೆಣಸಿನ ಬಳ್ಳಿ ಹಬ್ಬಿತ್ತು. ಮೂರಿಂಚಿನ ಅಗಲ ಪಟ್ಟಿ ಸುತ್ತಿದರೂ ಬಳ್ಳಿ ಜಜ್ಜಿಹೋಗುತ್ತದೆ. ರೈಟರ್ ತಲೆಯಾಡಿಸಿದರು, ಅಲ್ಲಿಗೆ ಆ ಮಾತು ಮುಗಿಯಿತು. ಹಾಗಾಗಿ ಗಾಡಿಯನ್ನೇ ಆಧಾರ ಮಾಡಬೇಕಾಯಿತು. ಗೂರ್ಖಾ ಗಟ್ಟಿ ನೆಲದಲ್ಲಿ ಥಾರ್‌ಗೆ ಎದುರಾಗಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಂತಿತು. ಅದೂ ಮುಂದಕ್ಕೆ ಜಾರದಂತೆ ಅದರ ಹಿಂದಿನ ಹುಕ್ಕಿಗೆ ಜಿಪ್ಸಿಯನ್ನು ಕಟ್ಟಿದರು. ವಿಂಚ್ 9,500 ಪೌಂಡಿನದು. ಹಗ್ಗವನ್ನು ಥಾರ್ ಮೇಲಿನ ಪುಲ್ಲಿಯಲ್ಲಿ ಹಾಯಿಸಿ ಗೂರ್ಖಾಕ್ಕೇ ವಾಪಸ್ ಕಟ್ಟಿದರೆ ಎಳೆತ ಹೆಚ್ಚೂಕಡಿಮೆ ಎರಡು ಪಟ್ಟು, ವೇಗ ಅರ್ಧ. ಹಗ್ಗ ಸಿಕ್ಕಿಸುವ ಕೊಂಡಿಯ, ಅಂದರೆ ಬೋ ಶ್ಯಾಕಲ್ ಪಿನ್ನನ್ನು ಪೂರ್ತಿ ಬಿಗಿದು ಕಾಲು ಸುತ್ತು ಸಡಿಲಿಸಬೇಕು, ಇಲ್ಲದಿದ್ದರೆ ಎಳೆತಕ್ಕೆ ಕಚ್ಚಿಕೊಂಡು ಬಿಚ್ಚಲು ಬರುವುದಿಲ್ಲ. ಹಗ್ಗದ ಮಧ್ಯೆ ಒದ್ದೆ ಗೋಣಿಚೀಲ. ಹಗ್ಗ ತುಂಡಾದರೆ ಅದರ ಭಾರಕ್ಕೆ ನೆಲಕ್ಕೆ ಬೀಳುತ್ತದೆ. ನೋಡುವವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ. ಫೋನಿನಲ್ಲಿ ವಿಡಿಯೊ ಹಿಡಿಯುವವರನ್ನು ಎರಡು ಸಲ ಹಿಂದೆ ಕಳಿಸಬೇಕಾಗುತ್ತದೆ.

ಥಾರ್ ಬಂತು, 5 ಕಡಿತವಾಗಿ. ಗೂರ್ಖಾದವರು ಗದ್ದೆ ದಾಟುವ ಸರದಿಯನ್ನು ತಾವಾಗಿ ಬಿಟ್ಟುಕೊಟ್ಟು ಸೊನ್ನೆ ಒಪ್ಪಿಕೊಂಡರು. ಎಳೆಯುವ ಗಾಡಿಯೇ ಹೂತುಹೋದರೆ ತೋಟದ ಟ್ರ್ಯಾಕ್ಟರ್ ಕರೆಯಬೇಕು. ಟ್ರ್ಯಾಕ್ಟರಿನವರ ನಗು ಯಾವ ಕಂಪನಿಯವರಿಗೂ ಬೇಡ.

ದಿನ 4: ಸಕಲೇಶಪುರ – ಕೊಲ್ಲೂರು

ಕಣದಲ್ಲಿ ಗಾಳಿ ತುಂಬಿಸಿ ಹೊರಡುವುದು. 12 ವೋಲ್ಟ್ ಕಂಪ್ರೆಸರನ್ನು ಸಿಗರೇಟ್ ಲೈಟರ್ ತೂತಿಗೆ ಸಿಕ್ಕಿಸಬಾರದು, ಫ್ಯೂಸ್ ಹೋಗುತ್ತದೆ. ಎಂಜಿನ್ ಓಡುತ್ತಿರುವಾಗ ನೇರ ಬ್ಯಾಟರಿಗೆ ಕ್ಲಿಪ್. 4ಎಚ್‌ನಿಂದ 2ಎಚ್‌ಗೆ ಬಂದದ್ದು, ಅಂದರೆ ನಾಲ್ಕರ ಬದಲು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ ಹೋಗುವಂತಾದದ್ದು, ಖಚಿತವಾಗಬೇಕಾದರೆ ಕೆಲವು ಮೀಟರ್ ರಿವರ್ಸ್ ಹೋಗಬೇಕು. ಮುಂದಿನ ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಈ ನಾಲ್ಕರಲ್ಲೂ ಇಲ್ಲ; 4ಎಚ್‌ನಲ್ಲೇ ಟಾರಿಗೆ ಹತ್ತಿದರೆ ತಿರುವಿನಲ್ಲಿ ಗೇರುಗಳು ಬಿಗಿದುಕೊಂಡು ಸ್ಟೇರಿಂಗ್ ಗಡುಸಾಗುತ್ತದೆ. ಜಿಪ್ಸಿಯ ಹಬ್ ಬಿಡಿಸಿದ್ದೂ ಆಯಿತು.

ಮೂಡಿಗೆರೆ, ಬಾಳೆಹೊನ್ನೂರು, ಕೊಪ್ಪ, ತೀರ್ಥಹಳ್ಳಿ, ನಗರ, ನಿಟ್ಟೂರು, ನಾಗೋಡಿ ಘಾಟಿ ಇಳಿದು ಕೊಲ್ಲೂರು. ತಿರುವಿನ ರಸ್ತೆಯಲ್ಲಿ ಜಿಮ್ನಿಗೇ ಹೆಚ್ಚು ಖುಷಿ. ಗೂರ್ಖಾ ಹಿಂದೆ ಕೂತವರಿಗೆ ತೀರ್ಥಹಳ್ಳಿ ಹೊತ್ತಿಗೆ ನಿಂಬೆಹಣ್ಣು ಬೇಕಾಯಿತು.

ದಿನ 5: ಕೊಡಚಾದ್ರಿ, ಐದನೇ ಗಾಡಿಯಲ್ಲಿ

1,343 ಮೀಟರ್ ಎತ್ತರದ ಕೊಡಚಾದ್ರಿ ಮೂಕಾಂಬಿಕಾ ವನ್ಯಧಾಮದ ಭಾಗ. ಕೆಳಗೆ ಸ್ವಂತ ಗಾಡಿ ಬಿಟ್ಟು ಸ್ಥಳೀಯ ಜೀಪು ಹಿಡಿಯುವುದೇ ರೂಢಿ, ಮಳೆ ಜೋರಿದ್ದರೆ ಅದಕ್ಕೂ ತಡೆ ಬೀಳುತ್ತದೆ. ಹಿಂದಿನ ಸಂಜೆಯೇ ವಿಚಾರಿಸಿಕೊಳ್ಳಬೇಕು. ನಾಲ್ಕು ಗಾಡಿಯವರೂ ಒಂದೇ ಹಳೆ ಮಹೀಂದ್ರಾ ಜೀಪಿನ ಹಿಂದಿನ ಬೆಂಚಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು.

ಗಾಡಿಯಲ್ಲಿ ಲಾಕರ್ ಇಲ್ಲ, ಸ್ನಾರ್ಕೆಲ್ ಇಲ್ಲ, ಎಬಿಎಸ್ ಮೊದಲೇ ಇಲ್ಲ. ಇರುವುದು ಕಿರಿದಾದ, ದಪ್ಪ ಹಲ್ಲಿನ 16 ಇಂಚಿನ ಟೈರು. ಅಗಲ ಟೈರು ಮೆತ್ತಗಿನ ಕೆಸರಿನ ಮೇಲೆ ತೇಲುತ್ತದೆ, ಕಿರಿದು ಅದನ್ನು ಸೀಳಿ ಕೆಳಗಿನ ಗಟ್ಟಿ ತಳ ಹುಡುಕುತ್ತದೆ. ಇಲ್ಲಿ ಕೆಸರಿನಡಿ ಕಲ್ಲಿದೆ, ಹಾಗಾಗಿ ಕಿರಿದೇ ಸರಿ. ಗದ್ದೆಯಲ್ಲಿ ತಳವೇ ಇರಲಿಲ್ಲ, ಅಲ್ಲಿ ತೇಲುವುದೇ ಸರಿಯಾಗಿತ್ತು. ಗಾಳಿ ಇಳಿಸುವ ಮಾತೇ ಇಲ್ಲ: ಎಂಟು ಜನರ ಭಾರ, ಚೂಪು ಕಲ್ಲು, ಇಳಿಸಿದರೆ ಪಕ್ಕೆ ಸೀಳುತ್ತದೆ. ಡ್ರೈವರ್ ಲೋ ರೇಂಜಿನಲ್ಲಿ ಹಾಕಿದ ಗೇರನ್ನು ದೊಡ್ಡ ತಿರುವು ಬರುವವರೆಗೆ ಬದಲಿಸಲೇ ಇಲ್ಲ. ಅಡ್ಡ ಓಟು ಬಂದಾಗ ಬಲ ಚಕ್ರವನ್ನು ಮೇಲಿನ ಕಲ್ಲಿಗೆ ಒರಗಿಸಿ, ಜಾರುವುದಾದರೂ ಎಲ್ಲಿಗೆ ಜಾರಬೇಕೆಂದು ಮೊದಲೇ ಗೊತ್ತುಮಾಡಿಕೊಂಡಂತೆ ಹೋಗುತ್ತಾರೆ. ಸೀಟಿನಡಿ ಒಂದು ಬಿಡಿ ಸ್ಪ್ರಿಂಗ್ ಪ್ಲೇಟು, ಯು-ಬೋಲ್ಟು, ಟ್ಯೂಬು, ತಂತಿ.

"ಸಾರ್, ಇದಕ್ಕೆ ಡಿಫ್ ಲಾಕ್ ಹಾಕ್ಸಬಹುದಲ್ಲ?" ಎಂದು ಗೂರ್ಖಾದವರು ಕೇಳಿದರು.

"ಹಾಕ್ಸಿದ್ರೆ ಆಕ್ಸಲ್ ಯಾರು ಕೊಡ್ತಾರೆ ಮಾರಾಯ್ರೆ? ಸೀಸನ್ನಿಗೆ ದಿನಾ ಹತ್ತಬೇಕು."

ಅಂಕದ ಪಟ್ಟಿಯನ್ನು ಮೇಲಿನ ಸರ್ವಜ್ಞ ಪೀಠದ ಬಳಿ ಕೂತು ಕೂಡಿದರು. ಜಿಮ್ನಿ 34, ಥಾರ್ 33. ಜಿಪ್ಸಿ 30, ಕಲ್ಲು ಇಟ್ಟ ಗುಂಡಿಗೆ ಪೂರ್ತಿ ಅಂಕ ಕೊಟ್ಟರೆ 40. ಗೂರ್ಖಾ 20. ಕೋಳಿ ಸಾರಿನ ಬಿಲ್ಲು ಗೂರ್ಖಾದವರ ಕಡೆಗೆ. ಗದ್ದೆಯಲ್ಲಿ ಎಳೆದದ್ದಕ್ಕೆ ಬೋನಸ್ ಇಲ್ಲದ ನಿಯಮ ಎಂಥ ನಿಯಮ ಎಂಬ ಅವರ ಪ್ರಶ್ನೆಯಲ್ಲಿ ನ್ಯಾಯ ಇದೆ.

ದಿನ 6: ವಾಪಸ್, ಮತ್ತು ತೊಳೆಯುವ ಕೆಲಸ

ಶಿವಮೊಗ್ಗ ದಾಟಿ ವೇಗ ಹಿಡಿದಾಗ ಜಿಮ್ನಿಯ ಸ್ಟೇರಿಂಗ್ 80ರ ಆಸುಪಾಸಿನಲ್ಲಿ ನಡುಗತೊಡಗಿತು. ಆಫ್‌ರೋಡ್ ಮುಗಿಸಿದ ಯಾವ ಗಾಡಿಗೂ ಆಗುವುದೇ ಇದು. ಅಲೈನ್‌ಮೆಂಟ್ ಅಂಗಡಿಗೆ ಓಡುವ ಮುಂಚೆ ರಿಮ್ಮಿನ ಒಳಬದಿ ನೋಡಬೇಕು: ಒಣಗಿದ ಕೆಂಪು ಜೇಡಿ ಒಂದೇ ಕಡೆ ಅಂಟಿ ಬ್ಯಾಲೆನ್ಸ್ ಕೆಟ್ಟಿರುತ್ತದೆ. ವಾಟರ್ ಸರ್ವಿಸಿನಲ್ಲಿ ಒಳಗಿನಿಂದ ಹೊಡೆಸಿದರೆ ಅರ್ಧ ಬಕೆಟ್ ಮಣ್ಣು ಬೀಳುತ್ತದೆ, ನಡುಕ ಹೋಗುತ್ತದೆ. ಆಮೇಲೂ ನಡುಗಿದರೆ ಮುಂದಿನ ಚಕ್ರ ತಿರುಗುವ ಕೀಲಿನ ಕಿಂಗ್‌ಪಿನ್ ಬೇರಿಂಗ್ ನೋಡಿಸಬೇಕು.

ತೊಳೆಸುವಾಗ ಹೇಳಿ ಮಾಡಿಸಬೇಕಾದವು: ಚಾಸಿಸ್ಸಿನ ತೂತುಗಳೊಳಗೆ ನೀರು, ರೇಡಿಯೇಟರಿಗೆ ಹಿಂದಿನಿಂದ ಮುಂದಕ್ಕೆ ಕಡಿಮೆ ಒತ್ತಡದಲ್ಲಿ, ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿ ಮಣ್ಣು ತೆಗೆಸುವುದು. ಡ್ರಮ್ಮಿನೊಳಗಿನ ಜೇಡಿ ಒಣಗಿದರೆ ಲೈನರ್ ಸವೆಯುತ್ತದೆ, ಹ್ಯಾಂಡ್ ಬ್ರೇಕ್ ಹಾಕಿ ವಾರ ನಿಲ್ಲಿಸಿದರೆ ಅಂಟಿಕೊಳ್ಳುತ್ತದೆ. ಎರಡೂ ಆಕ್ಸಲಿನ ಎಣ್ಣೆಯನ್ನು ಬೋಲ್ಟ್ ಬಿಚ್ಚಿ ನೋಡಬೇಕು. ಬಿಳಿಚಿಕೊಂಡಿದ್ದರೆ ನೀರು ಸೇರಿದೆ, ಅಂದೇ ಬದಲಿಸಬೇಕು. ಈ ಸಲ ಬಿಳಿಚಿಕೊಂಡದ್ದು ಜಿಪ್ಸಿಯ ಹಿಂದಿನ ಆಕ್ಸಲಿನದು. ಸ್ನಾರ್ಕೆಲ್ಲಿನವರು ಅದರ ಫೋಟೊ ತೆಗೆದಿಟ್ಟುಕೊಂಡಿದ್ದಾರೆ.